ದಣಿದರೂ ನಿದ್ದೆ ಇಲ್ಲ, ಯಾಕೆ?



ಇವತ್ತು ನಿದ್ದೆಯ ಬಗ್ಗೆ ಮಾತಾಡೋಣ. ನಗಬೇಡಿ. ಮನೆಯಲ್ಲಿ ಎಲ್ಲರಿಗಿಂತ ಕೊನೆಗೆ ಮಲಗುವವರು ನಾವು. ಮೊದಲು ಏಳುವವರೂ ನಾವೇ. ಮೈ ದಣಿದಿರುತ್ತದೆ. ಆದರೂ ಕಣ್ಣು ಮುಚ್ಚಿದರೆ ನಿದ್ದೆ ಇಲ್ಲ. ಸಂಘದ ಕಂತು ನೆನಪಾಗುತ್ತೆ. ಮಗಳ ಮದುವೆ ನೆನಪಾಗುತ್ತೆ. ಬಾರದ ಮಳೆ ನೆನಪಾಗುತ್ತೆ.

ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ ಅಂತ ಗಾದೆ ಇದೆ. ಗಾದೆ ಸರಿ. ಆದರೆ ಚಿಂತೆ ಬಿಡು ಅಂದರೆ ಬಿಟ್ಟು ಹೋಗುತ್ತಾ? ಹೇಳುವವರಿಗೆ ಸುಲಭ.

ಚಿಂತೆ ಬಂದಾಗ ಮೈ ಎಚ್ಚರವಾಗುತ್ತೆ. ಎದೆ ಜೋರಾಗಿ ಬಡಿಯುತ್ತೆ. ಹಾವು ಕಂಡ ಹಾಗೆ. ಹಾವು ಕಂಡವರಿಗೆ ನಿದ್ದೆ ಹೇಗೆ ಬರಬೇಕು?

ಇದಕ್ಕೆ ಒಂದು ಉಪಾಯ ಈಗ ನಿಮ್ಮ ಕೈಯಲ್ಲೇ ಇದೆ. ನಿಮಗೆ ಅಕ್ಷರ ಬಂದಿದೆ. ಮಲಗುವ ಮೊದಲು ನಾಳೆಯ ಕೆಲಸ ಬರೆದಿಡಿ. "ರೇಷನ್ ಅಂಗಡಿ. ಎಮ್ಮೆಗೆ ಮೇವು. ಕಂತು 300 ರೂಪಾಯಿ." ಇಷ್ಟೇ ಸಾಕು. ಕಾಗುಣಿತ ತಪ್ಪಾದರೂ ಪರವಾಗಿಲ್ಲ. ಯಾರೂ ತಿದ್ದುವುದಿಲ್ಲ. ಕಾಗದ ನೆನಪಿಟ್ಟುಕೊಳ್ಳುತ್ತೆ. ತಲೆಗೆ ಆ ಭಾರ ಬೇಡ.

ಇದನ್ನು ಪರೀಕ್ಷೆ ಮಾಡಿಯೂ ನೋಡಿದ್ದಾರೆ. ಅಮೆರಿಕದ ಬೇಲರ್ ವಿಶ್ವವಿದ್ಯಾಲಯದ ಈ ಪರೀಕ್ಷೆ 2018ರಲ್ಲಿ ಪ್ರಕಟವಾಯಿತು. ಅದರಲ್ಲಿ 57 ಜನ ಇದ್ದರು. ಎಲ್ಲರೂ ಹರೆಯದವರು. ಕೆಲವರು ಮುಂದೆ ಮಾಡಬೇಕಾದ ಕೆಲಸ ಬರೆದರು. ಉಳಿದವರು ಮುಗಿಸಿದ ಕೆಲಸ ಬರೆದರು. ಬರೆದದ್ದು 5 ನಿಮಿಷ. ಮುಂದಿನ ಕೆಲಸ ಬರೆದವರಿಗೆ ಸುಮಾರು 9 ನಿಮಿಷ ಬೇಗ ನಿದ್ದೆ ಬಂತು. ದೊಡ್ಡ ಲಾಭ ಅಲ್ಲ. ಆದರೆ ಖರ್ಚೂ ಇಲ್ಲವಲ್ಲ!

ಇನ್ನು ಚಹಾದ ವಿಷಯ. ಸಂಜೆ 6 ಗಂಟೆಗೆ ಚಹಾ ಕುಡಿದರೆ ಅದರ ಸತ್ವದಲ್ಲಿ ಸುಮಾರು ಅರ್ಧ ರಾತ್ರಿ 11ಕ್ಕೂ ಮೈಯಲ್ಲಿರುತ್ತೆ. ಮಧ್ಯಾಹ್ನದ ಮೇಲೆ ಚಹಾ, ಕಾಫಿ ಬೇಡ. ಎಲೆ ಅಡಿಕೆ ಜೊತೆ ಹೊಗೆಸೊಪ್ಪು ಹಾಕುವವರು ಇದ್ದೀರಿ. ಅದೂ ನಿದ್ದೆ ಕೆಡಿಸುತ್ತೆ.

ನಿದ್ದೆ ಬಾರದಿದ್ದರೆ ಹೊರಳಾಡುತ್ತಾ ಮಲಗಬೇಡಿ. ಎದ್ದು ಮಂದ ಬೆಳಕಲ್ಲಿ ಕುಳಿತುಕೊಳ್ಳಿ. ನಿಧಾನವಾಗಿ ಉಸಿರು ಬಿಡಿ. ಫೋನು ಮುಟ್ಟಬೇಡಿ. ಕಣ್ಣು ಎಳೆದಾಗ ಮತ್ತೆ ಮಲಗಿ. ರಾತ್ರಿ ಹೇಗೇ ಕಳೆದರೂ ಬೆಳಿಗ್ಗೆ ಒಂದೇ ಹೊತ್ತಿಗೆ ಏಳಿ.

ರಾತ್ರಿ ಪಾತ್ರೆ ತೊಳೆಯುವ ಕೆಲಸ ಮಗನಿಗೂ ಕೊಡಿ. ಗಂಡನಿಗೂ ಕೊಡಿ. ಅವರ ಕೈ ಏನೂ ಸವೆಯುವುದಿಲ್ಲ.

ಕೆಲವರಿಗೆ ಮಲಗಿದ ಕೂಡಲೇ ಕಾಲು ಎಳೆದಂತೆ ಆಗುತ್ತೆ. ಆಡಿಸುತ್ತಲೇ ಇರಬೇಕು ಅನಿಸುತ್ತೆ. ಮೈಯಲ್ಲಿ ಕಬ್ಬಿಣದ ಅಂಶ ಕಡಿಮೆಯಾದರೂ ಹೀಗಾಗಬಹುದು. ಆರೋಗ್ಯ ಕೇಂದ್ರದಲ್ಲಿ ರಕ್ತ ಪರೀಕ್ಷೆ ಮಾಡಿಸಿ. ಮುಟ್ಟು ನಿಲ್ಲುವ ವಯಸ್ಸಲ್ಲಿ ರಾತ್ರಿ ಬೆವರಿ ಎಚ್ಚರವಾಗುತ್ತೆ. ಅದನ್ನೂ ಡಾಕ್ಟರಿಗೆ ಹೇಳಿ, ನಾಚಿಕೆ ಬೇಡ. ನಿದ್ದೆ ಮಾತ್ರೆಯನ್ನು ಮಾತ್ರ ಪಕ್ಕದ ಮನೆಯವರಿಂದ ಇಸಕೊಂಡು ನುಂಗಬೇಡಿ.

ಮನೆಯಲ್ಲಿ ಕುಡಿತ, ಹೊಡೆತ ಇದ್ದರೆ? ಆಗ ನಿದ್ದೆ ಬಾರದ್ದು ನಿಮ್ಮ ಕಾಯಿಲೆ ಅಲ್ಲ. ಬರೆದಿಟ್ಟರೆ ಅದು ಹೋಗುವುದಿಲ್ಲ. 181ಕ್ಕೆ ಫೋನು ಮಾಡಿ. ಅದು ಮಹಿಳಾ ಸಹಾಯವಾಣಿ. ವಾರಗಟ್ಟಲೆ ನಿದ್ದೆ ಇಲ್ಲ, ಬದುಕೇ ಬೇಡ ಅನಿಸಿದರೆ 14416ಕ್ಕೆ ಮಾಡಿ. ಇದು ಸರಕಾರದ ಟೆಲಿ ಮಾನಸ್. 2022ರಲ್ಲಿ ಶುರುವಾಯಿತು. ಹಣ ಕೊಡಬೇಕಿಲ್ಲ. ಕನ್ನಡದಲ್ಲೇ ಮಾತಾಡಬಹುದು.

ಎರಡೂ ನಂಬರು ಈಗಲೇ ಪುಸ್ತಕದಲ್ಲಿ ಬರೆದುಕೊಳ್ಳಿ. ಆಮೇಲೆ ನಿಮ್ಮ ಪ್ರಶ್ನೆ ಕೇಳಿ.