ದಿವೇ ಘಾಟಿನ ಬುಡದ ಎರಡು ಊರು



ಪುಣೆಯಲ್ಲಿ ಹಡಪ್ಸರ್ ದಾಟಿ ಸಾಸ್ವಡದ ದಾರಿ ಹಿಡಿದರೆ, ದಿವೇ ಘಾಟ್ ಏರುವ ಮೊದಲು ಫುರ್ಸುಂಗಿ ಮತ್ತು ಉರುಳಿ ದೇವಾಚಿ ಸಿಗುತ್ತವೆ. ಆಷಾಢ ಏಕಾದಶಿಗೆ ಪಂಢರಪುರ ಮುಟ್ಟುವ ಜ್ಞಾನೇಶ್ವರರ ಪಾಲಕಿ ಹಾಯುವುದು ಇದೇ ದಾರಿಯಲ್ಲಿ. ಮೊದಲಿನಿಂದಲೂ ಇವು ಬೇಸಾಯದ ಊರುಗಳು.

ಪುಣೆ ದಶಕಗಟ್ಟಲೆ ತನ್ನ ಕಸ ತಂದು ಸುರಿದದ್ದು ಇಲ್ಲಿ. 163 ಎಕರೆಯ ಡಿಪೊ. ಮಳೆ ಬಿದ್ದಾಗ ರಾಶಿಯಿಂದ ಇಳಿದ ಕಪ್ಪು ನೀರು ನೆಲಕ್ಕಿಂಗಿ ಬಾವಿಗಳನ್ನು ಸೇರಿತು. ಮನೆಯ ಹಿಂದೆ ಬಾವಿ ಇದ್ದವರೂ ರಸ್ತೆಯಲ್ಲಿ ಕೊಡ, ಡ್ರಮ್ಮು ಸಾಲಾಗಿಟ್ಟು ಟ್ಯಾಂಕರಿಗೆ ಕಾಯಬೇಕಾಯಿತು. ಕಸದ ಲಾರಿಗಳನ್ನು ಊರವರು ಎಷ್ಟೋ ಸಲ ಅಡ್ಡಗಟ್ಟಿದರು.

2017ರಲ್ಲಿ ಇವೂ ಸೇರಿದಂತೆ 11 ಹಳ್ಳಿಗಳು ಮಹಾನಗರ ಪಾಲಿಕೆಯೊಳಗೆ ಬಂದವು. ಪಂಚಾಯ್ತಿ ಹೋಯಿತು, ಮನೆಗಂದಾಯ ಏರಿತು. ಸೌಕರ್ಯ ಮಾತ್ರ ಬರಲಿಲ್ಲ ಎಂದು ಜನ ಪಟ್ಟು ಹಿಡಿದರು. ಕೊನೆಗೆ 2024ರಲ್ಲಿ ಈ ಎರಡೂ ಊರುಗಳನ್ನು ಪಾಲಿಕೆಯಿಂದ ಬಿಡಿಸಿ ಬೇರೆಯೇ ನಗರ ಪರಿಷತ್ ಮಾಡಿದರು. ನಗರದ ಹೊಟ್ಟೆ ಸೇರಿದ ಹಳ್ಳಿ ಹೊರಗೆ ಬರುವುದು ಅಪರೂಪ. ಅದಕ್ಕೇ ಇದನ್ನು ಇಷ್ಟು ವಿವರವಾಗಿ ಹೇಳುತ್ತಿದ್ದೇನೆ.

ಚಿಕ್ಕ ಊರಿಗೆ ಸ್ವಂತ ಆಡಳಿತ ನಡೆಸುವ ತ್ರಾಣ ಎಲ್ಲಿಂದ ಬರಬೇಕು ಎನ್ನುವವರಿದ್ದಾರೆ. ಅವರು ಜರ್ಮನಿಯ ಕಡೆ ನೋಡಲಿ. ಅಲ್ಲಿನ ಉತ್ತರ ಕರಾವಳಿಯ ಶ್ಲೆಸ್ವಿಗ್-ಹೋಲ್‌ಸ್ಟೈನ್ ರಾಜ್ಯದಲ್ಲಿ ಸಾವಿರಕ್ಕೂ ಹೆಚ್ಚು ಸ್ಥಳೀಯ ಆಡಳಿತಗಳಿವೆ. ಹೈನು, ಹೊಲ ನಂಬಿದ ಎಷ್ಟೋ ಊರುಗಳಲ್ಲಿ ಐದುನೂರು ಜನರೂ ಇಲ್ಲ. ಕಾಗದಪತ್ರಕ್ಕೆ ಹತ್ತಾರು ಊರು ಸೇರಿ ಒಂದೇ ಕಚೇರಿ ಇಟ್ಟುಕೊಂಡಿವೆ, ತೀರ್ಮಾನ ಮಾತ್ರ ಆಯಾ ಊರಿನದು. 70 ಜನ ಮೀರದ ಊರಲ್ಲಿ ಚುನಾಯಿತ ಮಂಡಳಿಯೇ ಇಲ್ಲ. ಮತದಾರರೆಲ್ಲ ಒಟ್ಟಿಗೆ ಕೂತು ತೀರ್ಮಾನಿಸುತ್ತಾರೆ.

ನಮ್ಮಲ್ಲೂ ಇದಕ್ಕೆ ಜಾಗ ಇದೆ. ಸಂವಿಧಾನದ 73ನೇ ತಿದ್ದುಪಡಿ 1993ರಲ್ಲಿ ಜಾರಿಗೆ ಬಂದಾಗಿನಿಂದ, ಮತದಾರರ ಪಟ್ಟಿಯಲ್ಲಿ ಹೆಸರಿರುವ ಪ್ರತಿಯೊಬ್ಬರೂ ಗ್ರಾಮಸಭೆಯ ಸದಸ್ಯರು. ಅದಕ್ಕೂ ಹತ್ತು ವರ್ಷ ಮುಂಚೆ, 1983ರಲ್ಲೇ, ಆಗಿನ ಪಂಚಾಯತ್ ರಾಜ್ ಸಚಿವ ಅಬ್ದುಲ್ ನಜೀರ್ ಸಾಬ್ ಕರ್ನಾಟಕದ ಪಂಚಾಯ್ತಿಗಳಿಗೆ ಅಧಿಕಾರ ಕೊಡುವ ಕಾನೂನು ತಂದರು. ಇಷ್ಟಿದ್ದೂ ಹಳ್ಳಿಯನ್ನು ನಗರಕ್ಕೆ ಸೇರಿಸುವಾಗ ಆ ಹಳ್ಳಿಯವರ ಮಾತು ಗೆಲ್ಲುವುದು ಕಡಿಮೆ. ಇದು ಅನ್ಯಾಯ ಎಂದೇ ನನ್ನ ಭಾವನೆ.

ಬೆಂಗಳೂರನ್ನೇ ನೋಡಿ. 2007ರಲ್ಲಿ 110 ಹಳ್ಳಿಗಳು ಮಹಾನಗರ ಪಾಲಿಕೆ ಸೇರಿದವು. ಅವುಗಳಿಗೆಂದೇ ಹಾಕಿಕೊಂಡ ಕಾವೇರಿ ಕುಡಿಯುವ ನೀರಿನ ಯೋಜನೆಯ ಐದನೇ ಹಂತ ಉದ್ಘಾಟನೆಯಾದದ್ದು 2024ರ ಅಕ್ಟೋಬರಿನಲ್ಲಿ. ಹದಿನೇಳು ವರ್ಷ! ಆಗ ಹುಟ್ಟಿದ ಮಗು ಅಷ್ಟರಲ್ಲಿ ಕಾಲೇಜು ಮೆಟ್ಟಿಲು ಹತ್ತಿತ್ತು.

ನಿಮ್ಮ ಊರಿನ ಅಂಚಿಗೂ ನಗರ ಬಂದಿದ್ದರೆ, ಮುಂದಿನ ಗ್ರಾಮಸಭೆಗೆ ತಪ್ಪದೆ ಹೋಗಿ. ನೀರು ಯಾವಾಗ ಬರುತ್ತದೆ, ಕಂದಾಯ ಎಷ್ಟಾಗುತ್ತದೆ, ಕಸ ಯಾರ ಹೊಲದ ಪಕ್ಕ ಬೀಳುತ್ತದೆ ಎಂದು ಕೇಳಿ. ಉತ್ತರವನ್ನು ನಡಾವಳಿ ಪುಸ್ತಕದಲ್ಲಿ ಬರೆಸಿಯೇ ಎದ್ದು ಬನ್ನಿ.