ಹನ್ನೊಂದು ಸೀನು

ಯುಗಾದಿ ಹತ್ತಿರ ಬಂತೆಂದರೆ ನಮ್ಮ ಮನೆಯಲ್ಲಿ ಅಟ್ಟ ಗುಡಿಸುವ ಕೆಲಸ. ಈ ಸಲ ಹತ್ತಿದ್ದು ನಾನು. ಹಳೇ ಹಾಸಿಗೆಯೊಂದನ್ನು ಎಳೆದದ್ದೇ ತಡ, ಸೀನು ಶುರು. ಒಂದಲ್ಲ ಎರಡಲ್ಲ, ಹನ್ನೊಂದು. ಎಣಿಸಿದವಳು ಕೆಳಗೆ ಏಣಿ ಹಿಡಿದಿದ್ದ ತಂಗಿಯ ಮಗಳು ಪುಟ್ಟಿ.

"ಮಾಮಾ, ಧೂಳೆಲ್ಲ ನನ್ನ ಮೇಲೇ ಬಿತ್ತು. ನಂಗ್ಯಾಕೆ ಒಂದೂ ಸೀನು ಬರ್ಲಿಲ್ಲ?"

ಕೇಳಬೇಕಾದ ಪ್ರಶ್ನೆಯೇ.

ಹಾಸಿಗೆಯ ಧೂಳಿನಲ್ಲಿ ನುಸಿಗಳಿರುತ್ತವೆ. ತೆಂಗಿನಕಾಯಿಗೆ ಬೀಳುವ ನುಸಿ ಗೊತ್ತಲ್ಲ, ಅದರ ದೂರದ ನೆಂಟರು ಇವು. ಎಂಟು ಕಾಲು, ಒಂದು ಮಿಲಿಮೀಟರಿನ ಮೂರನೇ ಒಂದು ಪಾಲಿನಷ್ಟು ಮೈ. ನಮ್ಮ ಚರ್ಮದಿಂದ ಉದುರಿದ ಹೊಟ್ಟು ತಿಂದು ಬದುಕುತ್ತವೆ, ಕಚ್ಚುವುದಿಲ್ಲ. ನನ್ನ ಮೂಗಿಗೆ ಆಗದಿರುವುದು ಅವುಗಳ ಹಿಕ್ಕೆ.

ಮೂಗಿನ ಒಳಪದರದಲ್ಲಿ ಮಾಸ್ಟ್ ಕೋಶಗಳೆಂಬ ಕಾವಲುಗಾರರಿದ್ದಾರೆ. 1878ರಲ್ಲಿ ಜರ್ಮನಿಯ ಪಾಲ್ ಎರ್ಲಿಕ್ ಇವನ್ನು ಗುರುತಿಸಿದಾಗ ಅವನಿಗಿನ್ನೂ 24 ವರ್ಷ. ಬಟ್ಟೆಗೆ ಹಾಕುವಂಥ ಬಣ್ಣಗಳನ್ನು ಜೀವಕೋಶಗಳಿಗೆ ಹಾಕಿ ನೋಡುವ ಗೀಳು ಅವನದು. ಸೂಕ್ಷ್ಮದರ್ಶಕದಲ್ಲಿ ಕೆಲವು ಕೋಶಗಳ ತುಂಬ ಕಾಳುಕಾಳು ಕಂಡಿತು, ಸಾಸಿವೆ ತುಂಬಿದ ಚೀಲದ ಹಾಗೆ. ಚೆನ್ನಾಗಿ ತಿಂದು ಕೊಬ್ಬಿವೆ ಎಂದುಕೊಂಡು ಅದೇ ಅರ್ಥದ ಜರ್ಮನ್ ಹೆಸರಿಟ್ಟ. ಆ ಕಾಳು ತಿಂದದ್ದಲ್ಲ, ಕೋಶವೇ ತಯಾರಿಸಿ ಕೂಡಿಟ್ಟದ್ದು ಎಂದು ಆಮೇಲೆ ತಿಳಿಯಿತು. ಹೆಸರು ಮಾತ್ರ ಹಾಗೇ ಉಳಿದುಬಿಟ್ಟಿದೆ.

ಈ ಕಾವಲುಗಾರನಿಗೆ ನುಸಿಯ ಗುರುತು ತಾನಾಗಿ ಸಿಗದು. ರಕ್ಷಣಾ ಪಡೆಯ ಬೇರೆ ಕೋಶಗಳು 'ಐಜಿಇ' ಎಂಬ ಪುಟ್ಟ ಕೊಕ್ಕೆಗಳನ್ನು ಮಾಡಿ ಕಳಿಸುತ್ತವೆ. ಅವು ಬಂದು ಇವನ ಮೈಮೇಲೆ ಕೂರುತ್ತವೆ. ನನ್ನ ದೇಹ ಎಂದೋ ಒಮ್ಮೆ ನುಸಿಯನ್ನು ಶತ್ರು ಎಂದು ಬಗೆದು ಅದಕ್ಕೆ ತಕ್ಕ ಕೊಕ್ಕೆ ಮಾಡಿಟ್ಟಿದೆ. ಪುಟ್ಟಿಯ ದೇಹ ಮಾಡಿಲ್ಲ. ಅವಳ ಮೂಗಿನಲ್ಲೂ ಕಾವಲುಗಾರರಿದ್ದಾರೆ, ಕಾಳು ತುಂಬಿದ ಚೀಲಗಳೂ ಇವೆ. ನುಸಿಯನ್ನು ಹಿಡಿಯುವ ಕೊಕ್ಕೆ ಮಾತ್ರ ಇಲ್ಲ.

ಹಿಕ್ಕೆಯ ಕಣ ಅಕ್ಕಪಕ್ಕದ ಎರಡು ಕೊಕ್ಕೆಗೆ ಸಿಕ್ಕಿಕೊಂಡರೆ ಮುಗಿಯಿತು, ಚೀಲದ ಬಾಯಿ ಬಿಚ್ಚಿತು. ಅದರೊಳಗಿನ ಹಿಸ್ಟಮಿನ್ ಎಂಬ ರಾಸಾಯನಿಕ ಹೊರಗೆ ಚೆಲ್ಲಿ ನರಗಳಿಗೆ ಕಚಗುಳಿ ಇಡುತ್ತದೆ, ಸೀನು ಬರುತ್ತದೆ. ಸಣ್ಣ ರಕ್ತನಾಳಗಳು ಸಡಿಲವಾಗಿ ನೀರು ಜಿನುಗುತ್ತದೆ, ಮೂಗು ಸೋರುತ್ತದೆ. ಮೈಮೇಲೆ ಪಿತ್ತದ ಗಂಧೆ ಏಳುವುದರ ಹಿಂದೆಯೂ ಹೆಚ್ಚಾಗಿ ಇದೇ ಹಿಸ್ಟಮಿನ್. ಪಾಪ, ಪಿತ್ತಕ್ಕೆ ಸುಮ್ಮನೆ ಕೆಟ್ಟ ಹೆಸರು!

ಅಸಲಿಗೆ ಹೊಟ್ಟೆಹುಳುವಿನಂಥ ದೊಡ್ಡ ಶತ್ರುಗಳನ್ನು ಹೊರಹಾಕಲು ಈ ಪಡೆ ಕೆಲಸಕ್ಕೆ ಬರುತ್ತದೆ. ನುಸಿಯ ಹಿಕ್ಕೆಯ ಮೇಲೆ ಯುದ್ಧ ಸಾರುವುದು ಗುಬ್ಬಿಯ ಮೇಲೆ ಬ್ರಹ್ಮಾಸ್ತ್ರ ಬಿಟ್ಟಂತೆ.

ಸಂಜೆ ಪುಟ್ಟಿ ಮತ್ತೆ ಬಂದಳು. "ಮಾತ್ರೆ ತಗೊಂಡ್ರಲ್ಲ ಮಾಮಾ, ಇನ್ನೂ ಮೂಗಿಂದ್ಲೇ ಮಾತಾಡ್ತಿದೀರ?"

ಮಾತ್ರೆ ಹಿಸ್ಟಮಿನ್ನಿಗೆ ಅಡ್ಡ ನಿಂತಿದೆ, ಸೀನು ನಿಂತಿದೆ. ಆದರೆ ಮಾಸ್ಟ್ ಕೋಶ ಬೆಳಿಗ್ಗೆಯೇ ಬೇರೆಯವರನ್ನೂ ಕೂಗಿ ಕರೆದಿತ್ತು. ಅವರು ಇಯೊಸಿನೊಫಿಲ್‌ಗಳು, ಇಯೊಸಿನ್ ಎಂಬ ಬಣ್ಣ ಹಾಕಿದರೆ ಕೆಂಪಗೆ ಹೊಳೆಯುವ ಬಿಳಿ ರಕ್ತಕಣಗಳು. ಈ ಹೆಸರಿಟ್ಟವನೂ ಎರ್ಲಿಕ್ಕೇ. ಇವು ರಕ್ತದಿಂದ ಇಳಿದು ಬಂದು ಸೇರಲು ಕೆಲವು ಗಂಟೆ ಬೇಕು; ಬಂದಮೇಲೆ ಬೇಗ ಹೋಗುವುದಿಲ್ಲ, ಒಳಪದರ ಊದಿಕೊಂಡೇ ಇರುತ್ತದೆ. ಇದೇ ಗಲಾಟೆ ಶ್ವಾಸನಾಳದಲ್ಲಿ ನಡೆದರೆ ಉಬ್ಬಸ. ಅದಕ್ಕೆ ಡಾಕ್ಟರೇ ಬೇಕು.

ಅಷ್ಟರಲ್ಲಿ ಅಡುಗೆಮನೆಯಲ್ಲಿ ಚುಂಯ್ ಎಂದಿತು. ಪುಟ್ಟಿ ಮೂಗರಳಿಸಿ, "ಇಂಗಿನ ಒಗ್ಗರಣೆ!" ಎಂದಳು. ನನಗೆ ಸದ್ದು ಮಾತ್ರ ಕೇಳಿಸಿತು.