ಗಣಕದ ಕಿಟಕಿಯೂ ನಮ್ಮ ಗುಟ್ಟೂ



2013ರ ಡಿಸೆಂಬರ್ 16ರಂದು ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯಕ್ಕೆ ಬೆದರಿಕೆಯ ಇ-ಮೇಲ್ ಒಂದು ಬಂತು. ಕಟ್ಟಡಗಳಲ್ಲಿ ಬಾಂಬ್ ಇದೆ ಎಂದು ಅದರಲ್ಲಿ ಬರೆದಿತ್ತು. ಎಲ್ಲರನ್ನೂ ಹೊರಗೆ ಕಳಿಸಿದರು, ಪರೀಕ್ಷೆಗಳು ನಿಂತವು. ಬಾಂಬ್ ಮಾತ್ರ ಇರಲಿಲ್ಲ. ಬರೆದವನು ಅಲ್ಲಿಯ ವಿದ್ಯಾರ್ಥಿಯೇ. ಆ ದಿನದ ಪರೀಕ್ಷೆ ತಪ್ಪಿದರೆ ಸಾಕಾಗಿತ್ತು ಅವನಿಗೆ! ಗುರುತು ಸಿಗದಿರಲೆಂದು ಅವನು ‘ಟಾರ್’ ಬಳಸಿದ್ದ. ಗುಟ್ಟು ಕಾಯುವ ಸಾಧನಗಳಲ್ಲಿ ಅದು ಮೊದಲ ಸಾಲಿನದು. ಆದರೂ ಅದೇ ದಿನ ತನಿಖಾಧಿಕಾರಿಗಳು ಅವನ ಮುಂದೆ ಬಂದು ಕುಳಿತರು.

ಹಾಗಾದರೆ ಟಾರ್ ಸೋತಿತೆ? ಇಲ್ಲ. ಅದು ನಮ್ಮ ಸಂದೇಶವನ್ನು ಸಾಮಾನ್ಯವಾಗಿ ಮೂರು ಗಣಕಗಳ ಮೂಲಕ ಸುತ್ತಿಸಿ ಕಳಿಸುತ್ತದೆ. ಹಾಗಾಗಿ ಪಡೆದವರಿಗೆ ಕಳಿಸಿದವರ ವಿಳಾಸ ತಿಳಿಯುವುದಿಲ್ಲ. ಆ ಕೆಲಸವನ್ನು ಅದು ಸರಿಯಾಗಿಯೇ ಮಾಡಿತ್ತು. ಆದರೆ ಹುಡುಗ ವಿಶ್ವವಿದ್ಯಾಲಯದ ವೈ-ಫೈ ಮೂಲಕವೇ ಟಾರ್‌ಗೆ ಹೊಕ್ಕಿದ್ದ. ಆ ಹೊತ್ತಿನಲ್ಲಿ ಯಾರು ಟಾರ್ ಬಳಸಿದರು ಎಂಬುದು ಅಲ್ಲಿಯ ದಾಖಲೆಯಲ್ಲಿ ಉಳಿದಿತ್ತು. ಕೇಳಿದಾಗ ಅವನು ಒಪ್ಪಿಕೊಂಡ. ಅವನ ಕೃತ್ಯಕ್ಕೆ ನನ್ನ ಮರುಕವಿಲ್ಲ. ನಮಗೆ ಬೇಕಾದದ್ದು ಇಷ್ಟು: ಗುಟ್ಟು ಕಾಯುತ್ತೇನೆಂದು ಯಾವ ಬ್ರೌಸರ್ ಹೇಳಿದರೂ, ಯಾರಿಂದ ಕಾಯುತ್ತೀಯೆ ಎಂದು ಕೇಳಬೇಕು.

ನಿಮಗೆಲ್ಲ ಗೊತ್ತಿರುವ ‘ಇನ್‌ಕಾಗ್ನಿಟೊ’ ಕಿಟಕಿಯನ್ನೇ ನೋಡಿ. ಹೆಸರು ಕೇಳಿದರೆ ವಿರಾಟನಗರದ ಅಜ್ಞಾತವಾಸ ನೆನಪಾಗುತ್ತದೆ. ಅದು ಮಾಡುವ ಕೆಲಸ ಮಾತ್ರ ಚಿಕ್ಕದು. ಕಿಟಕಿ ಮುಚ್ಚಿದೊಡನೆ ನೀವು ನೋಡಿದ ಪುಟಗಳ ಪಟ್ಟಿಯನ್ನು ನಿಮ್ಮ ಯಂತ್ರದಿಂದ ಅಳಿಸುತ್ತದೆ, ಅಷ್ಟೆ. ಸೈಬರ್ ಸೆಂಟರಿನಲ್ಲಿ, ಕಾಲೇಜಿನ ಪ್ರಯೋಗಾಲಯದಲ್ಲಿ, ಅಣ್ಣ-ತಂಗಿ ಹಂಚಿಕೊಳ್ಳುವ ಫೋನಿನಲ್ಲಿ ಇದು ಉಪಯುಕ್ತವೇ. ಆದರೆ ನೀವು ಹೋದ ಜಾಲತಾಣಕ್ಕೂ ಸಂಪರ್ಕ ಒದಗಿಸುವ ಕಂಪನಿಗೂ ನೀವು ಕಾಣುತ್ತಲೇ ಇರುತ್ತೀರಿ. ಈ ಕಿಟಕಿಯಲ್ಲೂ ಗೂಗಲ್ ಮಾಹಿತಿ ಸಂಗ್ರಹಿಸುತ್ತಿದೆ ಎಂದು 2020ರಲ್ಲಿ ಕ್ಯಾಲಿಫೋರ್ನಿಯದಲ್ಲಿ ಮೊಕದ್ದಮೆ ಹೂಡಲಾಯಿತು. ಅದರಲ್ಲಿ ಹುರುಳಿಲ್ಲವೆಂದು ಸಂಸ್ಥೆ ವಾದಿಸಿತು. ಆದರೂ 2024ರ ರಾಜಿಯಲ್ಲಿ ಕೋಟಿಗಟ್ಟಲೆ ದಾಖಲೆಗಳನ್ನು ನಾಶಮಾಡಲು ಒಪ್ಪಿತು.

ಇನ್ನು ಗುಟ್ಟು ಕಾಯುವುದನ್ನೇ ಮುಂದಿಟ್ಟುಕೊಂಡ ಫೈರ್‌ಫಾಕ್ಸ್, ಸಫಾರಿ, ಬ್ರೇವ್ ಮೊದಲಾದವುಗಳ ಮಾತು. ಇವನ್ನು ಅರಿಯಲು ‘ಕುಕಿ’ ಎಂದರೇನೆಂದು ತಿಳಿಯಬೇಕು. 1994ರಲ್ಲಿ ನೆಟ್‌ಸ್ಕೇಪ್ ಕಂಪನಿಯ ಲೂ ಮೊಂಟುಲಿ ರೂಪಿಸಿದ್ದು ಅದು. ದೇವಸ್ಥಾನದ ಹೊರಗೆ ಚಪ್ಪಲಿ ಬಿಟ್ಟಾಗ ಕೊಡುತ್ತಾರಲ್ಲ ಟೋಕನ್, ಹಾಗೆ. ಮತ್ತೆ ಹೋದಾಗ ತಾಣ ನಿಮ್ಮನ್ನು ಗುರುತು ಹಿಡಿಯುತ್ತದೆ. ಇದರಲ್ಲಿ ತಪ್ಪೇನಿಲ್ಲ. ತೊಂದರೆ ಬಂದದ್ದು ಒಂದೇ ಜಾಹೀರಾತು ಕಂಪನಿ ಊರಿನ ಎಲ್ಲ ಬಾಗಿಲಲ್ಲೂ ನಿಂತು, ತಾನು ಕೊಟ್ಟ ಒಂದೇ ಟೋಕನನ್ನು ಎಲ್ಲ ಕಡೆ ನೋಡತೊಡಗಿದಾಗ. ಸಫಾರಿ 2020ರಲ್ಲಿ ಇಂಥ ಹೊರಗಿನವರ ಕುಕಿಗಳನ್ನು ಪೂರ್ತಿ ತಡೆಯಿತು. ಫೈರ್‌ಫಾಕ್ಸ್ 2022ರಿಂದ ಒಂದೊಂದು ತಾಣದ ಕುಕಿಗಳನ್ನೂ ಬೇರೆ ಬೇರೆ ಡಬ್ಬಿಯಲ್ಲಿಡುತ್ತಿದೆ. ಇದು ನಿಜವಾದ ರಕ್ಷಣೆ, ಬರೀ ಪ್ರಚಾರವಲ್ಲ.

ಆದರೆ ಟೋಕನ್ ಇಲ್ಲದೆಯೂ ಗುರುತು ಹಿಡಿಯಬಹುದು. ಪರದೆಯ ಅಳತೆ, ಅಕ್ಷರಶೈಲಿಗಳು, ಸಮಯವಲಯ, ಇವೆಲ್ಲ ಸೇರಿ ಹೆಬ್ಬೆರಳ ಗುರುತಿನಂತಾಗುತ್ತವೆ. ಎಲೆಕ್ಟ್ರಾನಿಕ್ ಫ್ರಾಂಟಿಯರ್ ಫೌಂಡೇಶನ್ 2010ರಲ್ಲಿ ಸುಮಾರು 4.7 ಲಕ್ಷ ಬ್ರೌಸರುಗಳನ್ನು ಪರಿಶೀಲಿಸಿದಾಗ ನೂರಕ್ಕೆ 84ರಷ್ಟು ತಮ್ಮಂಥ ಇನ್ನೊಂದಿಲ್ಲದವು ಎಂದು ಕಂಡಿತು. ನೀವು ಅಭಿಮಾನದಿಂದ ಬ್ರೌಸರಿನ ಭಾಷೆಯನ್ನು ಕನ್ನಡ ಮಾಡಿಕೊಂಡಿದ್ದರೆ, ನಿಮ್ಮನ್ನು ಹುಡುಕಬೇಕಾದ ಗುಂಪು ಇನ್ನೂ ಚಿಕ್ಕದಾಯಿತು! ಟಾರ್ ಬ್ರೌಸರ್ ಎಲ್ಲರನ್ನೂ ಒಂದೇ ರೀತಿ ಕಾಣಿಸಲು ಯತ್ನಿಸುತ್ತದೆ. ಅದಕ್ಕೇ ಇತರ ಭಾಷೆಯವರನ್ನು, ಪುಟಗಳನ್ನು ಇಂಗ್ಲಿಷಿನಲ್ಲೇ ಕೇಳಲೇ ಎಂದು ವಿಚಾರಿಸುತ್ತದೆ. ನನಗೆ ಇದು ಬೇಸರದ ಸಂಗತಿ, ಆದರೆ ಲೆಕ್ಕ ಸರಿ.

ಬ್ರೌಸರಿನವರಿಗೆ ಹಣ ಎಲ್ಲಿಂದ ಬರುತ್ತದೆ ಎಂಬುದನ್ನೂ ನೋಡಿ. ಡಕ್‌ಡಕ್‌ಗೋ ಬ್ರೌಸರ್ ಮೈಕ್ರೋಸಾಫ್ಟ್‌ನ ಕೆಲವು ಬೇಹುಗಾರ ಕಡತಗಳನ್ನು ತಡೆಯದೆ ಬಿಡುತ್ತಿದೆಯೆಂದು 2022ರ ಮೇ ತಿಂಗಳಲ್ಲಿ ಒಬ್ಬ ಸಂಶೋಧಕ ತೋರಿಸಿದ. ಹುಡುಕಾಟದ ಒಪ್ಪಂದವೇ ಇದಕ್ಕೆ ಕಾರಣವಾಗಿತ್ತು. ಗುಲ್ಲಾದ ಮೇಲೆ, ಆಗಸ್ಟಿನಲ್ಲಿ ಕಂಪನಿ ತಡೆಯನ್ನು ಬಿಗಿಗೊಳಿಸಿತು.

ಇನ್ನು ನಾವೇ ಬರೆದುಕೊಡುವ ಮಾಹಿತಿ. ಸಿಇಟಿ ಫಲಿತಾಂಶ ಬಂದಾಗ, ಈ ರ‍್ಯಾಂಕಿಗೆ ಯಾವ ಕಾಲೇಜು ಸಿಗುತ್ತದೆಂದು ಹೇಳುವ ತಾಣಗಳಿಗೆ ಹೋಗುತ್ತೀರಿ. ಹೆಸರು, ಊರು, ತಂದೆಯ ಮೊಬೈಲ್ ನಂಬರ್ ಕೇಳಿದರೆ ತುಂಬುತ್ತೀರಿ. ಅದನ್ನು ಯಾವ ಬ್ರೌಸರಿನಲ್ಲಿ ತುಂಬಿದರೂ ಆ ತಾಣಕ್ಕೆ ತಲುಪುವುದು ಅದೇ ನಂಬರ್. ಪರೀಕ್ಷಾ ಪ್ರಾಧಿಕಾರವೇ ಪ್ರಕಟಿಸುವ ಹಿಂದಿನ ವರ್ಷದ ಕಟ್ ಆಫ್ ಪಟ್ಟಿಯನ್ನು ನೋಡಲು ಯಾರ ನಂಬರೂ ಬೇಕಿಲ್ಲ. ಈ ಸಲ ಅಲ್ಲಿಂದ ಆರಂಭಿಸಿ.